ಪ್ರೇ ಆ್ಯಸ್ ಯು ಗೋ: ದಿನಕ್ಕೆ ಹನ್ನೆರಡು ನಿಮಿಷದ ಪ್ರಾರ್ಥನೆಯಿಂದ ದೇವರ ಮೇಲೆ ಭರವಸೆ ಬೆಳೆಯುತ್ತದಾ?

ಮೊದಲೇ ಹೇಳಿಬಿಡುತ್ತೇನೆ: ಹೌದು, ಬೆಳೆಯುತ್ತದೆ. ಬೈಬಲ್ ಆಡಿಯೊ, ಧ್ಯಾನದ ಆ್ಯಪ್, ದಿನಕ್ಕೊಂದು ವಚನ ಕಳಿಸುವ ಸೇವೆ ಅಂತ ನನ್ನ ಫೋನಿನಲ್ಲಿ ಏನೇನೋ ಬಂದು ಹೋಗಿವೆ. ಉಳಿದಿದ್ದು ಪ್ರೇ ಆ್ಯಸ್ ಯು ಗೋ ಅನ್ನುವ ಈ ಪ್ರಾರ್ಥನೆಯ ಆಡಿಯೊ ಆ್ಯಪ್ ಒಂದೇ. ಸುಮಾರು ಕಾಲದಿಂದ ಬಳಸುತ್ತಿದ್ದೇನೆ, ಬಳಸಿದಷ್ಟೂ ಇಷ್ಟ ಜಾಸ್ತಿಯಾಗಿದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಹೊಸದಾಗಿ ಶುರು ಮಾಡುವವರಿಗೆ ಇದರಲ್ಲಿ ಏನಿದೆ, ಏನಿಲ್ಲ, ಹೇಗೆ ಬಳಸಿದರೆ ಉಪಯೋಗ ಅಂತ ಗೊತ್ತಾಗಲಿ.

ಇದು ಬ್ರಿಟನ್ನಿನ ಯೇಸುಸಭೆಯವರ, ಅಂದರೆ ಜೆಸ್ವಿಟ್ ಗುರುಗಳ ಸೇವೆ. 2006ರ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಶುರುವಾಯಿತು. ಆಗ ಸ್ಮಾರ್ಟ್‌ಫೋನ್ ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಎಂಪಿ3 ಇಳಿಸಿಕೊಂಡು, ಸಣ್ಣ ಪ್ಲೇಯರ್‌ಗೆ ಹಾಕಿಕೊಂಡು, ಕೆಲಸಕ್ಕೆ ಹೋಗುವ ದಾರಿಯಲ್ಲಿ ಕೇಳಲಿ ಅಂತ ಮಾಡಿದ್ದು. ಈಗ ಆ್ಯಪ್ ಇದೆ, ಆದರೆ ಉದ್ದೇಶ ಬದಲಾಗಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಪ್ರಾರ್ಥನೆ, ಶನಿವಾರ ಭಾನುವಾರ ಸೇರಿ ಒಂದು. ಒಂದೊಂದೂ ಹತ್ತರಿಂದ ಹದಿಮೂರು ನಿಮಿಷ. ದುಡ್ಡು ಕೇಳುವುದಿಲ್ಲ. ಕಥೋಲಿಕರು ಮಾಡಿದ್ದು ನಿಜ, ಆದರೆ ಯಾವ ಸಭೆಯವರು ಬೇಕಾದರೂ ಕೇಳಬಹುದು. ಕೇಳಿಸುವುದು ಬೈಬಲ್ ವಾಕ್ಯ, ಸ್ತೋತ್ರಗೀತೆ, ಪ್ರಶ್ನೆ. ಅಷ್ಟೇ.

ಒಂದು ದಿನದ ಪ್ರಾರ್ಥನೆ ಹೇಗೆ ಸಾಗುತ್ತದೆ ಅಂತ ಹೇಳುತ್ತೇನೆ. ಮೊದಲು ಸಂಗೀತ. ಒಂದು ದಿನ ಗಾಯನವೃಂದ, ಇನ್ನೊಂದು ದಿನ ಒಂದೇ ವಾದ್ಯ, ಮತ್ತೊಂದು ದಿನ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುವ ಶಾಂತವಾದ ಗೀತೆ. ಅದು ಮುಗಿಯುವ ಹೊತ್ತಿಗೆ ಉಸಿರು ಸ್ವಲ್ಪ ನಿಧಾನವಾಗಿರುತ್ತದೆ. ಆಮೇಲೆ ಬೈಬಲ್ ಭಾಗ. ಸಾಮಾನ್ಯವಾಗಿ ಆ ದಿನದ ಬಲಿಪೂಜೆಯ, ಅಂದರೆ ಕಥೋಲಿಕ ಚರ್ಚಿನ ಆರಾಧನೆಯ, ವಾಚನಗಳಲ್ಲಿ ಒಂದನ್ನು ಓದುತ್ತಾರೆ. ಉದ್ದ ಇರುವುದಿಲ್ಲ. ನಂತರ ಎರಡು ಮೂರು ಪ್ರಶ್ನೆ, ಪ್ರಶ್ನೆಗಳ ನಡುವೆ ಜಾಗ. ಆಮೇಲೆ ಅದೇ ಭಾಗವನ್ನು ಎರಡನೇ ಸಲ ಓದುತ್ತಾರೆ. ಕೊನೆಯಲ್ಲಿ ಮನಸ್ಸಿನಲ್ಲಿ ಎದ್ದಿದ್ದನ್ನು ನೇರವಾಗಿ ದೇವರಿಗೆ ಹೇಳಿ ಅಂತ ಬಿಟ್ಟುಕೊಡುತ್ತಾರೆ. ಪಿತ, ಸುತ, ಪವಿತ್ರಾತ್ಮರಿಗೆ ಮಹಿಮೆ ಸಲ್ಲಿಸುವ ಪುಟ್ಟ ಪ್ರಾರ್ಥನೆಯೊಂದಿಗೆ ಮುಗಿಯುತ್ತದೆ.

ಪ್ರಸಂಗ ಇಲ್ಲ. ವ್ಯಾಖ್ಯಾನ ಇಲ್ಲ. ಈ ವಾಕ್ಯದ ಅರ್ಥ ಇದು, ನೀವು ಹೀಗೆ ನಡೆದುಕೊಳ್ಳಬೇಕು ಅಂತ ಯಾರೂ ಹೇಳುವುದಿಲ್ಲ. ಕೆಲವರಿಗೆ ಇದೇ ಕೊರತೆ ಅನ್ನಿಸಬಹುದು, ನನಗೆ ಇದೇ ದೊಡ್ಡ ಬಲ ಅನ್ನಿಸುತ್ತದೆ. ಯಾಕೆ ಅಂದರೆ ಭರವಸೆಯ ವಿಷಯದಲ್ಲಿ ನಮಗೆ ಉಪದೇಶ ಕಡಿಮೆಯಾಗಿಲ್ಲ. ಚಿಂತೆ ಮಾಡಬೇಡಿ, ದೇವರು ನೋಡಿಕೊಳ್ಳುತ್ತಾನೆ ಅನ್ನುವುದನ್ನು ಭಾನುವಾರ ಶಾಲೆಯಿಂದ ಕೇಳಿಕೊಂಡೇ ಬಂದಿದ್ದೇವೆ. ಮತ್ತಾಯ 6ರ ಹಕ್ಕಿಗಳು, ಹೊಲದ ಹೂಗಳು ಯಾರಿಗೆ ಗೊತ್ತಿಲ್ಲ ಹೇಳಿ? ಗೊತ್ತಿದ್ದೂ ರಾತ್ರಿ ನಿದ್ದೆ ಬರುವುದಿಲ್ಲ. ತಲೆಗೆ ಗೊತ್ತಿರುವುದು ಎದೆಗೆ ಇಳಿಯಬೇಕಾದರೆ ಇನ್ನೊಂದು ಉಪದೇಶ ಸಾಲದು. ಯಾರಾದರೂ ಕೇಳಬೇಕು: ನಿನಗೆ ಇವತ್ತು ಯಾವುದರ ಚಿಂತೆ? ಅದನ್ನು ಯಾಕೆ ಬಿಟ್ಟುಕೊಡಲು ಆಗುತ್ತಿಲ್ಲ? ಸುವಾರ್ತೆಯಲ್ಲಿ ಯೇಸುಸ್ವಾಮಿ ಮಾಡುವುದೂ ಇದನ್ನೇ ಅಲ್ವಾ? ಮಾರ್ಕ 10ರಲ್ಲಿ ಬಾರ್ತಿಮಾಯನು ಕುರುಡ ಅಂತ ಎಲ್ಲರಿಗೂ ಕಾಣುತ್ತಿದೆ. ಆದರೂ ಸ್ವಾಮಿ, ನಾನು ನಿನಗೆ ಏನು ಮಾಡಬೇಕು ಅಂತ ಕೇಳುತ್ತಾರೆ. ಅವನ ಬಾಯಿಂದಲೇ ಬರಲಿ ಅಂತ ಕಾಯುತ್ತಾರೆ.

ಈ ಆ್ಯಪ್ ಕೇಳುವ ಪ್ರಶ್ನೆಗಳ ಧಾಟಿ ಅದೇ. ಉದಾಹರಣೆಗೆ ಮಾರ್ಕ 4ರ ಬಿರುಗಾಳಿಯ ಕಥೆಯನ್ನು ತೆಗೆದುಕೊಳ್ಳಿ. ಎಷ್ಟು ಸಲ ಕೇಳಿದ್ದೇವೋ. ಗಾಳಿ, ಅಲೆ, ದೋಣಿಯ ಹಿಂಭಾಗದಲ್ಲಿ ದಿಂಬಿನ ಮೇಲೆ ತಲೆಯಿಟ್ಟು ಮಲಗಿರುವ ಯೇಸು, ಗಾಬರಿಯಾದ ಶಿಷ್ಯರು. ಓದಿ ಮುಗಿಸಿದರೆ ಪಾಠ ತಯಾರಾಗಿರುತ್ತದೆ: ಹೆದರಬಾರದು. ಆದರೆ ಈ ರೀತಿಯ ಪ್ರಾರ್ಥನೆಯಲ್ಲಿ ನೀವು ದೋಣಿ ಹತ್ತಬೇಕು. ಎಲ್ಲಿ ಕೂತಿದ್ದೀರಿ? ನೀರು ಒಳಗೆ ಬರುತ್ತಿದೆ, ನಿಮ್ಮ ಕೈ ಏನು ಮಾಡುತ್ತಿದೆ? ಮಲಗಿರುವವರನ್ನು ನೋಡಿದರೆ ಏನನ್ನಿಸುತ್ತದೆ, ಸಮಾಧಾನವಾ, ಕೋಪವಾ? ಆಗ ಗಮನಕ್ಕೇ ಬರದಿದ್ದ ಸಂಗತಿಗಳು ಕಾಣುತ್ತವೆ. ಆಚೆ ದಡಕ್ಕೆ ಹೋಗೋಣ ಅಂತ ಹೇಳಿದ್ದು ಯೇಸುವೇ. ಅಂದರೆ ಅವರ ಮಾತು ಕೇಳಿಯೇ ಈ ಬಿರುಗಾಳಿಗೆ ಬಂದಿದ್ದೇವೆ. ಜೊತೆಯಲ್ಲಿ ಬೇರೆ ದೋಣಿಗಳೂ ಇದ್ದವು ಅಂತ ಮಾರ್ಕನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಆ ದೋಣಿಗಳಲ್ಲಿದ್ದವರ ಗತಿ ಏನಾಯಿತು? ಶಿಷ್ಯರಲ್ಲಿ ಕೆಲವರು ಮೀನುಗಾರರು, ಆ ನೀರು ಅವರಿಗೆ ಹೊಸದಲ್ಲ. ತಮಗೆ ಚೆನ್ನಾಗಿ ಗೊತ್ತಿರುವ ಕೆಲಸದಲ್ಲೇ ಕೈಸೋತಾಗ ಆಗುವ ಭಯ ಬೇರೆ ತರಹದ್ದು. ಅದು ನನಗೆ ಗೊತ್ತು, ನಿಮಗೂ ಗೊತ್ತಿರಬಹುದು.

ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯೇ ಇಲ್ಲವಾ ಅಂತ ಶಿಷ್ಯರು ಕೇಳುತ್ತಾರೆ. ಎಂಥಾ ಒರಟು ಮಾತು. ಆದರೂ ಸ್ವಾಮಿ ಎದ್ದು ಮೊದಲು ಗಾಳಿಯನ್ನು ಗದರಿಸುತ್ತಾರೆ, ಆಮೇಲೆ ಶಿಷ್ಯರಿಗೆ ಪ್ರಶ್ನೆ ಕೇಳುತ್ತಾರೆ. ಸಹಾಯ ಮೊದಲು, ಪ್ರಶ್ನೆ ಆಮೇಲೆ. ಮಾರ್ಕನ ಈ ಕ್ರಮ ಗಮನಕ್ಕೆ ಬಂದ ದಿನದಿಂದ, ನನ್ನ ನಂಬಿಕೆ ಸಾಕಷ್ಟು ಗಟ್ಟಿ ಇಲ್ಲ, ಅದಕ್ಕೇ ದೇವರು ಕೇಳುತ್ತಿಲ್ಲ ಅನ್ನುವ ಯೋಚನೆ ಬಂದಾಗಲೆಲ್ಲ ಈ ಕಥೆಗೆ ಹೋಗುತ್ತೇನೆ. ಇದನ್ನು ಯಾರಾದರೂ ವಿವರಿಸಿ ಹೇಳಿದ್ದರೆ ತಲೆ ಆಡಿಸಿ ಮರೆಯುತ್ತಿದ್ದೆನೇನೋ. ಮೌನದ ಜಾಗದಲ್ಲಿ ನಾನೇ ಕಂಡುಕೊಂಡಿದ್ದರಿಂದ ಉಳಿದಿದೆ.

ಈ ಪದ್ಧತಿ ಆ್ಯಪ್ ಮಾಡಿದವರು ಹೊಸದಾಗಿ ಹುಟ್ಟಿಸಿದ್ದಲ್ಲ. ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾ ಅವರಿಂದ ಬಂದಿದ್ದು. 1521ರ ಮೇ 20ರಂದು ಪಂಪ್ಲೋನಾದ ಕೋಟೆ ಕಾಯುತ್ತಿದ್ದಾಗ ಫಿರಂಗಿ ಗುಂಡು ಅವರ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಓದಲು ಸಿಕ್ಕಿದ್ದು ಕ್ರಿಸ್ತನ ಜೀವನ ಮತ್ತು ಸಂತರ ಚರಿತ್ರೆ ಮಾತ್ರ. ಮಲಗಿದಲ್ಲೇ ಎರಡು ತರಹದ ಕನಸು ಕಾಣುತ್ತಿದ್ದರು. ವೀರನಾಗಿ ಹೆಸರು ಮಾಡಬೇಕು ಅನ್ನುವುದು ಒಂದು, ಸಂತ ಫ್ರಾನ್ಸಿಸರ ಹಾಗೆ ದೇವರಿಗಾಗಿ ಎಲ್ಲ ಬಿಡಬೇಕು ಅನ್ನುವುದು ಇನ್ನೊಂದು. ಎರಡೂ ಆ ಹೊತ್ತಿಗೆ ಖುಷಿ ಕೊಡುತ್ತಿದ್ದವು. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಬರಡಾಗುತ್ತಿತ್ತು, ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಆ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ಎಲ್ಲ ಪ್ರಾರ್ಥನಾ ಪದ್ಧತಿಗೆ ಬೀಜ. ಹಾಗಾಗಿಯೇ ಈ ಆ್ಯಪ್ ಮತ್ತೆ ಮತ್ತೆ ಕೇಳುತ್ತದೆ: ಈ ವಾಕ್ಯ ಕೇಳಿದಾಗ ಒಳಗೆ ಏನು ಎದ್ದಿತು? ದೇವರು ನಮ್ಮ ಆಸೆ, ಭಯ, ಬೇಸರದ ಮೂಲಕವೂ ಮಾತಾಡಬಹುದು ಅನ್ನುವ ನಂಬಿಕೆ ಅದರ ಹಿಂದಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತುಂಬಾ ಜನ ದಿನದ ಪ್ರಾರ್ಥನೆ ಮಾತ್ರ ಕೇಳಿ ಆ್ಯಪ್ ಮುಚ್ಚುತ್ತಾರೆ. ಅದರಲ್ಲೇ ಇನ್ನೊಂದು ಕಡೆ ಎಕ್ಸಾಮೆನ್ ಅಂತ ಇದೆ, ಅಂದರೆ ದಿನದ ಆತ್ಮಶೋಧನೆ. ನನ್ನನ್ನು ಕೇಳಿದರೆ ಇಡೀ ಆ್ಯಪ್‌ನಲ್ಲಿ ಬೆಲೆಬಾಳುವುದು ಅದೇ. ಇಗ್ನೇಷಿಯಸ್ ಹೇಳಿಕೊಟ್ಟ ಐದು ಹೆಜ್ಜೆಯ ಪ್ರಾರ್ಥನೆ ಅದು. ಮೊದಲು ಈ ದಿನಕ್ಕಾಗಿ ದೇವರಿಗೆ ಕೃತಜ್ಞತೆ. ಆಮೇಲೆ ದಿನವನ್ನು ಸರಿಯಾಗಿ ನೋಡುವ ಬೆಳಕು ಕೊಡು ಅಂತ ಬೇಡಿಕೆ. ಆಮೇಲೆ ಬೆಳಗಿನಿಂದ ಈ ಹೊತ್ತಿನವರೆಗೆ ನಡೆದಿದ್ದನ್ನು ಒಂದೊಂದಾಗಿ ನೋಡುವುದು. ತಪ್ಪಿದ್ದಕ್ಕೆ ಕ್ಷಮೆ ಕೇಳುವುದು. ಕೊನೆಗೆ ನಾಳೆಯನ್ನು ಅವನ ಕೈಯಲ್ಲಿ ಇಡುವುದು.

ಇದರ ಹೆಸರು ಕೇಳಿ ಕೆಲವರು ಹಿಂಜರಿಯುತ್ತಾರೆ. ಪಾಪಗಳ ಪಟ್ಟಿ ಮಾಡಿ ಕೊರಗುವುದು ಅಂದುಕೊಳ್ಳುತ್ತಾರೆ. ಕ್ರಮ ನೋಡಿ, ಮೊದಲ ಹೆಜ್ಜೆಯೇ ಕೃತಜ್ಞತೆ. ಅದನ್ನು ದಾಟಿ ಬಂದ ಮೇಲೆ ತಪ್ಪನ್ನು ನೋಡುವುದು ಅಷ್ಟು ಕಷ್ಟವಾಗುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ಯಾರ ಮುಂದೆ ಕೂತಿದ್ದೇವೆ ಅನ್ನುವುದು ನೆನಪಾಗಿರುತ್ತದೆ.

ಭರವಸೆಗೂ ಇದಕ್ಕೂ ಏನು ಸಂಬಂಧ? ನನಗೆ ಅರ್ಥವಾಗಿರುವ ಮಟ್ಟಿಗೆ, ಭರವಸೆ ಹೆಚ್ಚಾಗಿ ನೆನಪಿನಿಂದ ಬೆಳೆಯುತ್ತದೆ. ಮುಂದೆ ನೋಡಿದರೆ ಏನೂ ಕಾಣುವುದಿಲ್ಲ. ಹಿಂದೆ ನೋಡಿದರೆ ದೇವರು ಕೈಹಿಡಿದು ನಡೆಸಿದ ಜಾಗಗಳು ಕಾಣುತ್ತವೆ, ಆದರೆ ನೋಡುವ ಅಭ್ಯಾಸ ಇರಬೇಕು. ಬೈಬಲ್ ಇದನ್ನು ಎಷ್ಟು ಕಡೆ ಹೇಳುತ್ತದೆ ನೋಡಿ. ಯೊರ್ದನ್ ನದಿ ದಾಟಿದ ಮೇಲೆ ಯೆಹೋಶುವನು ನದಿಯ ನಡುವಿನಿಂದ ಹನ್ನೆರಡು ಕಲ್ಲು ಎತ್ತಿಸುತ್ತಾನೆ, ಮುಂದೆ ಮಕ್ಕಳು ಈ ಕಲ್ಲು ಯಾಕೆ ಅಂತ ಕೇಳಿದಾಗ ಕಥೆ ಹೇಳಬೇಕು ಅಂತ. ಸಮುವೇಲನೂ ಒಂದು ಕಲ್ಲು ನಿಲ್ಲಿಸಿ, ಇಲ್ಲಿಯವರೆಗೆ ಯೆಹೋವನು ನಮಗೆ ಸಹಾಯ ಮಾಡಿದ್ದಾನೆ ಅನ್ನುತ್ತಾನೆ. ಕೀರ್ತನೆ 77 ನನಗೆ ತುಂಬಾ ಹತ್ತಿರದ್ದು. ಅದನ್ನು ಬರೆದವನಿಗೆ ನಿದ್ದೆ ಬರುತ್ತಿಲ್ಲ. ದೇವರು ದಯೆ ತೋರಿಸುವುದನ್ನೇ ಮರೆತುಬಿಟ್ಟನಾ ಅಂತ ಕೇಳುತ್ತಾನೆ. ಉತ್ತರ ಬರುವುದಿಲ್ಲ. ಆಗ ಅವನು ಮಾಡುವುದು ಒಂದೇ, ದೇವರು ಹಿಂದೆ ಮಾಡಿದ ಕೆಲಸಗಳನ್ನು ನೆನಪಿಸಿಕೊಳ್ಳಲು ಶುರು ಮಾಡುತ್ತಾನೆ. ಕೀರ್ತನೆಯ ಉಳಿದ ಭಾಗ ಪೂರ್ತಿ ಆ ನೆನಪೇ.

ಎಕ್ಸಾಮೆನ್ ಇದನ್ನು ದಿನದ ಅಳತೆಗೆ ಇಳಿಸುತ್ತದೆ. ಕೆಂಪು ಸಮುದ್ರ ಇಬ್ಭಾಗವಾಗಿದ್ದು ದೊಡ್ಡ ನೆನಪು. ಇವತ್ತು ಸಂಜೆ ಕೋಪದಲ್ಲಿ ಹೇಳಬೇಕಿದ್ದ ಮಾತು ಯಾಕೋ ಬಾಯಿಗೆ ಬರಲಿಲ್ಲ, ಅದು ಚಿಕ್ಕ ನೆನಪು. ಭಯಪಟ್ಟುಕೊಂಡು ಮಾಡಿದ ಫೋನ್ ಕರೆ ಸುಲಭವಾಗಿ ಮುಗಿಯಿತು. ಅಳು ಬರುವಂತಿದ್ದಾಗ ಯಾರೋ ಪಕ್ಕದಲ್ಲಿ ಸುಮ್ನೆ ಕೂತರು. ಇಂಥವು ದಿನಾ ನಡೆಯುತ್ತವೆ, ಗಮನಿಸದೇ ಹೋದರೆ ಮರುದಿನಕ್ಕೆ ಅಳಿಸಿಹೋಗುತ್ತವೆ. ದಿನಾ ರಾತ್ರಿ ಒಂದನ್ನಾದರೂ ಹುಡುಕಿ ಇದಕ್ಕೆ ಸ್ತೋತ್ರ ಅಂತ ಹೇಳುತ್ತಾ ಬಂದರೆ, ನಿಧಾನಕ್ಕೆ ಮನಸ್ಸು ಬೆಳಗ್ಗೆಯಿಂದಲೇ ಅಂಥದ್ದನ್ನು ಹುಡುಕಲು ಶುರು ಮಾಡುತ್ತದೆ. ನನಗೆ ಆಗಿದ್ದು ಅದೇ. ಚಿಂತೆಯ ವಿಷಯಗಳು ಕಡಿಮೆಯಾಗಲಿಲ್ಲ, ಚಿಂತೆ ಬಂದಾಗ ಒಂಟಿ ಅನ್ನಿಸುವುದು ಕಡಿಮೆಯಾಯಿತು.

ಮನ್ನದ ಕಥೆಯನ್ನೂ, ಅಂದರೆ ಅರಣ್ಯದಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಆಹಾರದ ಕಥೆಯನ್ನೂ ಇಲ್ಲಿ ಹೇಳಲೇಬೇಕು. ವಿಮೋಚನಕಾಂಡ 16ರಲ್ಲಿ ಆ ದಿನಕ್ಕೆ ಬೇಕಾದಷ್ಟು ಮಾತ್ರ ಕೂಡಿಸಿಕೊಳ್ಳಿ ಅಂತ ಅಪ್ಪಣೆ. ನಾಳೆಗೆ ಇಟ್ಟುಕೊಂಡವರ ಪಾಲಿಗೆ ಹುಳ ಬಿತ್ತು. ಆರನೇ ದಿನ ಮಾತ್ರ ಎರಡು ದಿನದ ಪಾಲು, ಮರುದಿನ ವಿಶ್ರಾಂತಿಯ ದಿನ ಅಂತ. ಕರ್ತನ ಪ್ರಾರ್ಥನೆಯಲ್ಲೂ ಕೇಳುವುದು ಈ ಹೊತ್ತಿನ ಆಹಾರವನ್ನೇ. ನಾವು ಹತ್ತು ವರ್ಷಕ್ಕೆ ಆಗುವಷ್ಟು ಭರವಸೆಯನ್ನು ಒಂದೇ ಸಲಕ್ಕೆ ಕೊಡು ಅಂತ ಕೇಳುತ್ತೇವೆ. ಅವನು ಇವತ್ತಿನದನ್ನು ಮಾತ್ರ ಕೊಡುತ್ತಾನೆ. ದಿನದಿನದ ಈ ಚಿಕ್ಕ ಪ್ರಾರ್ಥನೆಯ ರೂಪ ಅದಕ್ಕೆ ಸರಿಯಾಗಿ ಹೊಂದುತ್ತದೆ. ವಾರದ ಪೂರ್ತಿ ಪ್ರಾರ್ಥನೆಗಳನ್ನು ಒಂದೇ ದಿನ ಕೂತು ಕೇಳಿ ಮುಗಿಸುವವರಿಗೆ ಇದು ಕೆಲಸ ಮಾಡುವುದಿಲ್ಲ.

ಇನ್ನು ಇದರ ಮಿತಿಗಳು.

ಆ್ಯಪ್ ಮಾತಾಡುವುದು ಇಂಗ್ಲಿಷಿನಲ್ಲಿ, ಬ್ರಿಟಿಷ್ ಉಚ್ಚಾರಣೆಯಲ್ಲಿ. ನಿಧಾನವಾಗಿ, ಸ್ಪಷ್ಟವಾಗಿ ಓದುತ್ತಾರೆ ನಿಜ. ಆದರೂ ಚಿಕ್ಕಂದಿನಿಂದ ಕನ್ನಡದಲ್ಲಿ ಪ್ರಾರ್ಥನೆ ಕಲಿತವರಿಗೆ ಒಳಗಿನ ಮಾತು ಕನ್ನಡದಲ್ಲೇ ಬರುತ್ತದೆ. ನಾನು ಮಾಡುವುದು ಹೀಗೆ: ಮೊದಲ ಓದನ್ನು ಆ್ಯಪ್‌ನಲ್ಲಿ ಕೇಳುತ್ತೇನೆ, ಅಲ್ಲಿ ನಿಲ್ಲಿಸಿ ಅದೇ ಭಾಗವನ್ನು ಕನ್ನಡ ಬೈಬಲ್‌ನಲ್ಲಿ ಜೋರಾಗಿ ಓದುತ್ತೇನೆ, ಆಮೇಲೆ ಪ್ರಶ್ನೆಗಳಿಗೆ ಹೋಗುತ್ತೇನೆ. ಐದು ನಿಮಿಷ ಜಾಸ್ತಿ ಹಿಡಿಯುತ್ತದೆ. ಆದರೆ ಉತ್ತರ ಕೊಡುವಾಗ ನನ್ನ ಮಾತಿನಲ್ಲಿ ಕೊಡುತ್ತೇನೆ. ಇಂಗ್ಲಿಷ್ ಅಷ್ಟು ಬರದ ಹಿರಿಯರು ಮನೆಯಲ್ಲಿದ್ದರೆ ಆ್ಯಪ್ ಬೇಕೇ ಇಲ್ಲ, ಈ ಕ್ರಮ ಒಂದಿದ್ದರೆ ಸಾಕು. ಒಂದು ಹಾಡು, ಒಂದು ಚಿಕ್ಕ ವಾಚನ, ಎರಡು ಪ್ರಶ್ನೆ, ಮೌನ, ಮತ್ತೆ ಅದೇ ವಾಚನ. ಯಾರಾದರೂ ಒಬ್ಬರು ಓದಿದರೆ ಆಯಿತು.

ಮೌನದ ಜಾಗ ಕೆಲವು ದಿನ ಸಾಕಾಗುವುದಿಲ್ಲ. ಪ್ರಶ್ನೆ ಒಳಗೆ ಇಳಿಯುವ ಹೊತ್ತಿಗೆ ಸಂಗೀತ ಬಂದುಬಿಡುತ್ತದೆ. ಹನ್ನೆರಡು ನಿಮಿಷದಲ್ಲಿ ಇದಕ್ಕಿಂತ ಜಾಸ್ತಿ ಜಾಗ ಬಿಡುವುದು ಕಷ್ಟ, ಅದೂ ಅರ್ಥವಾಗುತ್ತದೆ. ನಿಲ್ಲಿಸುವ ಗುಂಡಿ ಇರುವುದೇ ಅದಕ್ಕೆ ಅಂದುಕೊಳ್ಳಿ. ಒತ್ತಿ, ಸುಮ್ನೆ ಕೂರಿ, ಮನಸ್ಸಾದಾಗ ಮುಂದುವರಿಸಿ. ಹಾಗೆ ನಿಲ್ಲಿಸಿದಲ್ಲೇ ಆ ದಿನದ ಪ್ರಾರ್ಥನೆ ಮುಗಿದರೂ ನಷ್ಟವೇನಿಲ್ಲ. ಎಲ್ಲಿ ಒಳಗೆ ಏನೋ ಸಿಕ್ಕಿತು ಅನ್ನಿಸುತ್ತದೋ ಅಲ್ಲೇ ನಿಂತುಬಿಡಿ, ಮುಂದಕ್ಕೆ ಓಡಬೇಡಿ ಅಂತ ಇಗ್ನೇಷಿಯಸ್ ಅವರೇ ಹೇಳಿಕೊಟ್ಟಿದ್ದಾರೆ.

ದಾರಿಯಲ್ಲಿ ಕೇಳಲಿ ಅಂತ ಮಾಡಿದ್ದಾದರೂ, ನನ್ನ ಅಭಿಪ್ರಾಯದಲ್ಲಿ ನಡೆಯುತ್ತಾ ಕೇಳುವುದು ಎರಡನೇ ಆಯ್ಕೆ. ಬಸ್ಸಿನಲ್ಲಿ, ರೈಲಿನಲ್ಲಿ ಕೂತು ಕೇಳಬಹುದು, ಗಾಡಿ ಓಡಿಸುತ್ತಾ ಬೇಡ. ಆಗ ಕಿವಿಗೆ ಬೀಳುತ್ತದೆ, ಉತ್ತರ ಕೊಡಲು ಆಗುವುದಿಲ್ಲ. ಒಂದು ಕುರ್ಚಿ, ಒಂದು ನಿಗದಿಯಾದ ಹೊತ್ತು ಇದ್ದರೆ ಬಹಳ ವ್ಯತ್ಯಾಸವಾಗುತ್ತದೆ.

ಬೈಬಲ್ ಅಧ್ಯಯನ ಬೇಕು ಅನ್ನುವವರಿಗೆ ಇದು ಸಾಲದು. ಪೌಲನ ಪತ್ರದ ಹಿನ್ನೆಲೆ, ಪ್ರವಾದಿಗಳ ಕಾಲ, ಇಂಥದ್ದೇನೂ ಇಲ್ಲಿ ಸಿಗುವುದಿಲ್ಲ. ಅದಕ್ಕೆ ಬೇರೆ ದಾರಿ ನೋಡಿಕೊಳ್ಳಬೇಕು. ಅದೂ ಬೇಕು, ಯಾಕೆಂದರೆ ಮನಸ್ಸಿಗೆ ಬಂದಿದ್ದೆಲ್ಲ ದೇವರ ಮಾತು ಅಂದುಕೊಳ್ಳುವ ಅಪಾಯ ಈ ರೀತಿಯ ಪ್ರಾರ್ಥನೆಯಲ್ಲಿ ಇದ್ದೇ ಇದೆ. ವಾಕ್ಯದ ತಿಳಿವಳಿಕೆ, ಸಭೆಯ ಸಹವಾಸ, ಬಿಚ್ಚುಮನಸ್ಸಿನಿಂದ ಮಾತಾಡಬಹುದಾದ ಒಬ್ಬ ಗುರುಗಳು ಅಥವಾ ಅನುಭವಸ್ಥರು, ಇವರೆಲ್ಲ ಜೊತೆಗಿದ್ದರೆ ಆ ಅಪಾಯ ಕಡಿಮೆ.

ಹೋಲಿಕೆಗೆ ಒಂದು ಮಾತು. ಬೇರೆ ಒಂದು ಪ್ರಾರ್ಥನೆಯ ಆ್ಯಪ್, ಹೆಸರು ಬೇಡ, ದಿನ ತಪ್ಪಿಸದೆ ಎಷ್ಟು ದಿನ ಪ್ರಾರ್ಥಿಸಿದಿರಿ ಅಂತ ಲೆಕ್ಕ ತೋರಿಸುತ್ತಿತ್ತು. ಒಂದು ದಿನ ಬಿಟ್ಟರೆ ಲೆಕ್ಕ ಸೊನ್ನೆ. ಕೆಲವರಿಗೆ ಅದರಿಂದ ಅಭ್ಯಾಸ ಕೂಡಿಬರಬಹುದು, ನನಗಂತೂ ಅದು ಭಾರವಾಯಿತು. ಕಾಯಿಲೆ ಬಿದ್ದು ಪ್ರಾರ್ಥಿಸಲು ಆಗದ ದಿನ ದೇವರು ನನ್ನ ಲೆಕ್ಕ ಅಳಿಸುತ್ತಾನಾ? ಇಲ್ಲ. ಪ್ರಾರ್ಥನೆಯ ಆ್ಯಪ್ ಅಂಥ ಭಾವನೆಯನ್ನು ಬಿತ್ತಬಾರದು. ಪ್ರೇ ಆ್ಯಸ್ ಯು ಗೋ ಬಳಸುವಾಗ ನನಗೆ ಆ ಒತ್ತಡ ಯಾವತ್ತೂ ಅನ್ನಿಸಿಲ್ಲ. ಹತ್ತು ದಿನ ಬಿಟ್ಟು ಬಂದರೂ ಇವತ್ತಿನ ಪ್ರಾರ್ಥನೆ ತೆರೆದಿರುತ್ತದೆ.

ಇನ್ನೊಂದು ವಿಷಯ ಹೇಳದೆ ಈ ವಿಮರ್ಶೆ ಪೂರ್ತಿಯಾಗುವುದಿಲ್ಲ. ನಿಜವಾಗಿ ಕಷ್ಟದಲ್ಲಿರುವವರಿಗೆ ಇದು ಉಪಯೋಗವಾ? ಮನೆಯಲ್ಲಿ ಒಬ್ಬರ ಆರೋಗ್ಯ ಕೆಟ್ಟಿದ್ದ ದಿನಗಳಲ್ಲೂ ನಾನು ಇದನ್ನು ಕೇಳುತ್ತಿದ್ದೆ. ಕೆಲವು ದಿನ ಸಂಗೀತ ಚೆನ್ನಾಗಿದೆ ಅನ್ನುವುದೇ ಸಿಟ್ಟು ತರಿಸುತ್ತಿತ್ತು. ಕೃತಜ್ಞತೆಯ ಹೆಜ್ಜೆಗೆ ಬಂದರೆ ಗಂಟಲು ಕಟ್ಟುತ್ತಿತ್ತು. ಅಂಥ ಹೊತ್ತಿನಲ್ಲಿ ಭರವಸೆ ಅಂದರೆ ಶಾಂತವಾಗಿರುವುದು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕೀರ್ತನೆ 13 ತೆಗೆದು ನೋಡಿ, ಮೊದಲ ಎರಡು ವಚನದಲ್ಲೇ ಎಷ್ಟರವರೆಗೆ ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಕೀರ್ತನೆ 88 ಅಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸಮಾಧಾನದ ಸಾಲೂ ಇಲ್ಲ. ಆದರೂ ಅದು ಬೈಬಲ್‌ನಲ್ಲಿದೆ, ಪ್ರಾರ್ಥನೆಯಾಗಿಯೇ ಇದೆ. ದೇವರ ಮುಂದೆ ಅಷ್ಟು ಬಿಚ್ಚಿ ಮಾತಾಡುವುದೇ ಭರವಸೆ. ನಂಬಿಕೆ ಇಲ್ಲದವನು ಯಾರ ಹತ್ತಿರ ದೂರುತ್ತಾನೆ?

ಯೇಸುಸ್ವಾಮಿಯೂ ಗೆತ್ಸೆಮನೆಯಲ್ಲಿ ಈ ಪಾತ್ರೆಯನ್ನು ತೆಗೆದುಬಿಡು ಅಂತ ಬೇಡಿಕೊಂಡರು. ಪೌಲನು ತನ್ನ ಶರೀರದಲ್ಲಿ ನಾಟಿದ್ದ ಮುಳ್ಳಿಗಾಗಿ ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ, ಕೃಪೆ ಸಿಕ್ಕಿತು. ಹಾಗಾಗಿ ಭರವಸೆಯಿಟ್ಟರೆ ಕೇಳಿದ್ದು ಸಿಗುತ್ತದೆ ಅಂತ ಮಾತು ಕೊಡುವ ಯಾವ ಆ್ಯಪ್, ಯಾವ ಪುಸ್ತಕ, ಯಾವ ಪ್ರಸಂಗವನ್ನೂ ನಾನು ನಂಬುವುದಿಲ್ಲ. ಈ ಸೇವೆಯ ಮೇಲೆ ನನಗೆ ಗೌರವ ಬರಲು ಒಂದು ಕಾರಣ ಅದೇ, ನಾನು ಕೇಳಿದಷ್ಟರಲ್ಲಿ ಅಂಥ ಮಾತು ಒಂದೂ ಬಂದಿಲ್ಲ. ಗುಡ್ ಫ್ರೈಡೇ ಭಾಗ ಬಂದಾಗ ಅವಸರವಾಗಿ ಪುನರುತ್ಥಾನಕ್ಕೆ ಓಡಿಸುವುದಿಲ್ಲ. ಶಿಲುಬೆಯ ಹತ್ತಿರ ನಿಲ್ಲಲು ಬಿಡುತ್ತದೆ.

ಕಷ್ಟದ ದಿನಗಳಲ್ಲಿ ನನಗೆ ಉಪಯೋಗಕ್ಕೆ ಬಂದ ಬದಲಾವಣೆ ಏನೆಂದರೆ, ಎಕ್ಸಾಮೆನ್‌ನಲ್ಲಿ ಕೃತಜ್ಞತೆಯ ಜಾಗದಲ್ಲಿ ಒಂದೇ ಪ್ರಶ್ನೆ ಇಟ್ಟುಕೊಂಡೆ: ಇವತ್ತು ನನ್ನನ್ನು ಯಾರು ಅಥವಾ ಏನು ಎತ್ತಿಹಿಡಿಯಿತು? ಕೆಲವು ರಾತ್ರಿ ಉತ್ತರ ಬರಲಿಲ್ಲ. ಬರಲಿಲ್ಲ ಅನ್ನುವುದನ್ನೇ ದೇವರಿಗೆ ಹೇಳಿ ಮಲಗಿದೆ. ಮಾರ್ಕ 9ರಲ್ಲಿ ಮಗನನ್ನು ಕರೆತಂದ ತಂದೆ ಹೇಳುವ ಮಾತು ಇದೆಯಲ್ಲ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ. ಅಷ್ಟು ಪ್ರಾರ್ಥನೆ ಸಾಕಾಗುವ ರಾತ್ರಿಗಳೂ ಇರುತ್ತವೆ. ಅಂದಹಾಗೆ, ದಿನಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಆ್ಯಪ್ ನೆಚ್ಚಿಕೊಂಡು ಕೂರಬೇಡಿ. ವೈದ್ಯರ ಹತ್ತಿರ ಹೋಗಿ, ಮನೆಯವರಿಗೆ ಹೇಳಿ. ದೇವರ ಸಹಾಯ ಅವರ ಕೈಯಿಂದಲೂ ಬರುತ್ತದೆ.

ಬಳಸುವ ರೀತಿಯ ಬಗ್ಗೆ ಎರಡು ಮಾತು. ಒಂದು ಸಾದಾ ನೋಟ್‌ಬುಕ್ ಪಕ್ಕದಲ್ಲಿರಲಿ. ದಿನದ ಪ್ರಶ್ನೆಗಳಲ್ಲಿ ಚುಚ್ಚಿದ ಒಂದನ್ನು ಮಾತ್ರ ಬರೆದುಕೊಳ್ಳಿ, ಉತ್ತರ ಬೇಡ. ರಾತ್ರಿ ಎಕ್ಸಾಮೆನ್ ಹೊತ್ತಿಗೆ ಅದನ್ನು ಮತ್ತೆ ನೋಡಿ, ದಿನ ಅದಕ್ಕೆ ಏನಾದರೂ ಹೇಳಿತಾ ಅಂತ. ಬೆಳಗಿನ ವಾಚನವೂ ರಾತ್ರಿಯ ನೋಟವೂ ಹೀಗೆ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಕೆಲವು ತಿಂಗಳ ನಂತರ ಆ ಪುಟಗಳನ್ನು ಹಿಂದಕ್ಕೆ ತಿರುಗಿಸಿ ಓದಿ. ಆಗ ಹೆದರಿದ್ದ ಎಷ್ಟೋ ವಿಷಯಗಳು ಈಗ ನೆನಪಿಗೂ ಇರುವುದಿಲ್ಲ, ಕೆಲವು ನೋವು ಹಾಗೇ ಇರುತ್ತವೆ, ಆದರೆ ಅವುಗಳ ನಡುವೆ ನೀವು ನಡೆದು ಬಂದಿರುತ್ತೀರಿ.

ಗಂಡ ಹೆಂಡತಿ ಅಥವಾ ಇಬ್ಬರು ಸ್ನೇಹಿತರು ಒಟ್ಟಿಗೆ ಕೇಳಿದರೂ ಚೆನ್ನಾಗಿರುತ್ತದೆ. ಕೇಳಿದ ಮೇಲೆ ಒಬ್ಬರಿಗೊಬ್ಬರು ಒಂದು ಸಾಲು ಹೇಳಿಕೊಳ್ಳಿ, ಅಷ್ಟೇ. ಅದರ ಮೇಲೆ ಚರ್ಚೆ ಮಾಡಬೇಡಿ, ಸಲಹೆ ಕೊಡಬೇಡಿ. ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಜೊತೆ ಮಾತಿಲ್ಲದೆ ನೆಲದ ಮೇಲೆ ಕೂತಿದ್ದರು. ಬಾಯಿ ತೆರೆದ ಮೇಲೇ ಅವರು ಕೆಟ್ಟಿದ್ದು.

ಯಾರಿಗೆ ಇದು ಹೊಂದುತ್ತದೆ? ಪ್ರಾರ್ಥನೆ ಅಂದರೆ ಬೇಡಿಕೆಗಳ ಪಟ್ಟಿಯಾಗಿ ಒಣಗಿದೆ ಅನ್ನುವವರಿಗೆ, ಬಿಡುವಿಲ್ಲದ ಕೆಲಸದಲ್ಲಿರುವವರಿಗೆ, ಬೈಬಲ್ ಗೊತ್ತಿದ್ದೂ ಅದು ತಮ್ಮ ಹತ್ತಿರ ಮಾತಾಡುತ್ತಿಲ್ಲ ಅನ್ನುವವರಿಗೆ. ಮೊದಲ ಸಲ ಬೈಬಲ್ ಕೈಗೆತ್ತಿಕೊಂಡವರಿಗೆ ಸ್ವಲ್ಪ ಕಷ್ಟವಾಗಬಹುದು, ಕಥೆಯ ಹಿಂದುಮುಂದು ತಿಳಿಯದೆ. ಅವರು ಮೊದಲು ಮಾರ್ಕನ ಸುವಾರ್ತೆಯನ್ನು ಒಂದು ಸಲ ಪೂರ್ತಿ ಓದಿಕೊಂಡರೆ ಒಳ್ಳೆಯದು. ಹದಿನಾರೇ ಅಧ್ಯಾಯ, ಒಂದು ವಾರದಲ್ಲಿ ಮುಗಿಯುತ್ತದೆ.

ಆ್ಯಪ್ ಹಾಕಿಕೊಂಡವರಿಗೆ ನನ್ನ ಸಲಹೆ, ಮೊದಲ ವಾರ ದಿನದ ಪ್ರಾರ್ಥನೆಯನ್ನು ಬಿಟ್ಟು ರಾತ್ರಿಯ ಎಕ್ಸಾಮೆನ್ ಮಾತ್ರ ಮಾಡಿ. ಕಣ್ಣು ಮುಚ್ಚಿ, ದಿನವನ್ನು ನೋಡಿ, ಸ್ತೋತ್ರ ಹೇಳಿ, ಕ್ಷಮೆ ಕೇಳಿ, ಮಲಗಿ. ಎರಡನೇ ವಾರದಿಂದ ಬೆಳಗಿನದನ್ನು ಸೇರಿಸಿಕೊಳ್ಳಿ. ಐದು ನಕ್ಷತ್ರದಲ್ಲಿ ನಾನು ನಾಲ್ಕೂವರೆ ಕೊಡುತ್ತೇನೆ, ಇದೇ ಕ್ರಮದಲ್ಲಿ ಒಂದು ಕನ್ನಡ ಸೇವೆ ಬಂದ ದಿನ ಉಳಿದ ಅರ್ಧವನ್ನು ಅದಕ್ಕೆ ಸೇರಿಸಿ ಕೊಡುವ ಆಸೆಯಿದೆ. ಧ್ವನಿ ಚೆನ್ನಾಗಿರುವವರು, ಹಾಡಲು ಬರುವವರು, ವಾಕ್ಯ ಬಲ್ಲವರು ನಮ್ಮಲ್ಲಿ ಕಡಿಮೆ ಇಲ್ಲ. ಯಾರಾದರೂ ಶುರು ಮಾಡುವುದಾದರೆ ವಾಚನ ಓದಲು ನಾನು ಸಿದ್ಧ.